ಕಲ್ಲವ್ವನ ಹೊಸ ಬೋರ್ಡು

ಮಲಪ್ರಭೆಯ ದಂಡೆಯ ಮಠದ ಜಗುಲಿಯ ಮೇಲೆ ಕಲ್ಲವ್ವ ಮೂರು ಚಿತ್ರಗಳನ್ನು ಹರಡಿ ಕೂತಳು. ಚಟ್ನಿಪುಡಿಯ ಅಂಗಡಿ ನಡೆಸುವ ಈ ಹೆಂಗಸಿಗೆ ಮಠದ ಅಜ್ಜನವರೇ ಗುರು. ದಾರಿ ಕಾಣದಾದಾಗ ಇಲ್ಲಿಗೇ ಬರುವವಳು.

"ಎದುರಿಗೆ ದೊಡ್ಡ ಅಂಗಡಿ ಬಂದೈತ್ರಿ ಅಜ್ಜಾರ. ಗಿರಾಕಿ ಎಲ್ಲಾ ಆ ಕಡೆ ತಿರುಗ್ಯಾರ. ಹಿಂಗ ಆದ್ರ ದೀಪಾವಳಿಗೆ ನಮ್ಮ ಅಂಗಡಿ ಬಾಗಲಾ ಮುಚ್ಚೂದ. ಅದಕ್ಕ ಹೊಸ ಹೆಸರು, ಹೊಸ ಬಣ್ಣ, ಹೊಸ ಬೋರ್ಡು ಮಾಡಿಸಾಕತ್ತೀನ್ರಿ. ಈ ಮೂರರಾಗ ಯಾವುದು ಚಲೋ ಐತಿ, ನೀವ ಹೇಳ್ರಿ."

ಒಂದರಲ್ಲಿ ನವಿಲು, ಇನ್ನೊಂದರಲ್ಲಿ ಕಮಲ, ಮತ್ತೊಂದರಲ್ಲಿ ಬಳ್ಳಿ ಸುತ್ತಿದ ಇಂಗ್ಲಿಷ್ ಅಕ್ಷರ. ಪಾಪ, ಚಟ್ನಿಪುಡಿ ಮಾತ್ರ ಯಾವುದರಲ್ಲೂ ಇರಲಿಲ್ಲ.

ಅಜ್ಜನವರು ಮೂರನ್ನೂ ನಿಧಾನವಾಗಿ ನೋಡಿದರು.

"ಚಂದ ಅದಾವು. ಹೊಸಬರು ಯಾರರ ನಿನ್ನ ಅಂಗಡಿ ಕೇಳಿದ್ರ, ಊರ ಮಂದಿ ಏನಂತ ಗುರ್ತು ಹೇಳ್ತಾರ?"

ಅದನ್ನು ಕಲ್ಲವ್ವ ಯಾವತ್ತೂ ಯೋಚಿಸಿರಲಿಲ್ಲ.

ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದ ಊರಿನ ಸಾವಂತ್ರವ್ವನನ್ನು ಕರೆದು ಅಜ್ಜನವರು ಅದನ್ನೇ ಕೇಳಿದರು.

"ಕೈಯಾಗ ಚಟ್ನಿ ಹಾಕೋ ಕಲ್ಲವ್ವನ ಅಂಗಡಿ ಅಂತಿದ್ವಿರಿ," ಎಂದಳು ಸಾವಂತ್ರವ್ವ. "ಹೋದ ಕೂಡಲೇ ಅಂಗೈಯಾಗ ಒಂದ ಚಿಟಿಕಿ ಹಾಕಿ, ಖಾರ ಸಾಕೇನವ್ವಾ ಅಂತ ಕೇಳ್ತಿದ್ಲು. ಈಗ ಹಾಕಂಗಿಲ್ಲ. ನಾನೂ ಹೋಗಂಗಿಲ್ಲ."

ಕಲ್ಲವ್ವನ ಮುಖ ಸಣ್ಣದಾಯಿತು.

"ಎದುರಿನವರು ಎಲ್ಲಾ ಪಾಕೀಟಿನಾಗ ಕೊಡ್ತಾರ್ರಿ. ಕೈಯಾಗ ಹಾಕೂದು ಹಳೇ ಕಾಲದ್ದು ಅನಿಸ್ತು. ನಾನ ಬಿಟ್ಟೆ."

ಹೇಳುತ್ತಿದ್ದಂತೆ ಅವಳಿಗೇ ನಾಚಿಕೆಯಾಯಿತು. ಎದುರಿನವರಂತಾಗಲು ಹೋಗಿ, ಮನೆಮಂದಿಯಂತಿದ್ದ ಗಿರಾಕಿಗಳನ್ನು ಈ ಪುಣ್ಯಾತ್ಗಿತ್ತಿ ತಾನೇ ದೂರ ಮಾಡಿಕೊಂಡಿದ್ದಳು.

ಗುರುಗಳಿಗೆಂದು ತಂದಿದ್ದ ಅಗಸಿ ಚಟ್ನಿಯ ಪಾಕೀಟು ಪಕ್ಕದಲ್ಲೇ ಇತ್ತು. ತೆಗೆದು ಅದರ ಅಂಚನ್ನು ಹರಿದಳು. ಹುರಿದ ಅಗಸೆಬೀಜ, ಬೆಳ್ಳುಳ್ಳಿಯ ಘಮ ಜಗುಲಿಯನ್ನೆಲ್ಲ ತುಂಬಿತು. ಎಷ್ಟೋ ದಿನಗಳ ಮೇಲೆ ಅವಳ ಎದೆ ಹಗುರವಾಯಿತು.

"ಹಂಗಾದ್ರ ಬೋರ್ಡಿನ ಮ್ಯಾಲ ಏನ ಬರಸ್ಲಿ ಅಜ್ಜಾರ?" ಎನ್ನುತ್ತ ಮೊದಲ ಚಿಟಿಕೆಯನ್ನು ಗುರುವಿನತ್ತ ಚಾಚಿದಳು.

ಅಜ್ಜನವರು ಕೈ ಒಡ್ಡಲಿಲ್ಲ. ಅತ್ತ ಸಾವಂತ್ರವ್ವ ತನ್ನ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ಮೊದಲ ಆಕೀಗೆ ಹಾಕು," ಎಂದರು. "ಬೋರ್ಡಿಗೆ ಏನ ಬರಸಬೇಕಂತ ಆಕೀನ್ನ ಕೇಳು."