ಏಳು ಗಂಟಿನ ದಾರ

"ಬುದ್ಧಿ, ತಪ್ಪನ್ನು ತಿದ್ದಿಕೊಂಡಷ್ಟೂ ನನ್ನ ತೀರ್ಮಾನಗಳು ಕೆಡುತ್ತಿವೆ. ಇದು ಹೇಗೆ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದಲ್ಲಿ ಹನ್ನೆರಡು ವರ್ಷದಿಂದ ಇದ್ದ ಶಿಷ್ಯ. ಸುತ್ತಲಿನ ಊರಿನವರು ಸಣ್ಣಪುಟ್ಟ ಜಗಳಗಳನ್ನು ಮಠಕ್ಕೆ ತರುತ್ತಿದ್ದರು. ಎರಡು ವರ್ಷದ ಹಿಂದೆ ಗುರು ಆ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು. ಆಡು ಮೇಯ್ದ ಸೊಪ್ಪಿನ ಮಡಿ, ಗೋಡೆಯಾಚೆ ಬಾಗಿದ ನುಗ್ಗೆ ಕೊಂಬೆ, ಪಕ್ಕದ ಮನೆಗೆ ಹರಿದ ಬಚ್ಚಲು ನೀರು, ಅಂಥವು. ಮರುದಿನ ಮಾತ್ರ ದೊಡ್ಡದೊಂದು ಕಾದಿತ್ತು. ಎರಡು ಊರಿನವರು ಒಂದು ಕೆರೆಯ ನೀರಿಗಾಗಿ ಬಡಿದಾಡಿ ಇಬ್ಬರ ತಲೆ ಒಡೆದಿತ್ತು. ಮರುಳಯ್ಯ ಒಬ್ಬನೇ ಕೂತು ತೀರ್ಪು ಹೇಳಬೇಕಿತ್ತು.

"ಮೊದಮೊದಲು ನಾನು ಗಟ್ಟಿಯಾಗಿದ್ದೆ," ಎಂದ ಅವನು. "ಸಾಕ್ಷಿಯಿಲ್ಲದ ದೂರನ್ನು ಒಪ್ಪುತ್ತಿರಲಿಲ್ಲ. ಆಮೇಲೆ ಒಬ್ಬ ಹೆಂಗಸು ಅಳುತ್ತಾ ಮರಳಿ ಬಂದಳು. ನನ್ನ ತೀರ್ಪು ತಪ್ಪೆಂದು ತೋರಿಸಿಕೊಟ್ಟಳು. ನಿಜವಾಗಿಯೂ ತಪ್ಪಾಗಿತ್ತು. ಇನ್ನೊಬ್ಬ ಬಂದ, ಅದೂ ತಪ್ಪಾಗಿತ್ತು. ಉಳಿದವರು ಯಾರೂ ಮರಳಿ ಬರಲಿಲ್ಲ, ಹಾಗೆ ಬಂದವರಿಂದಲೇ ನಾನು ಕಲಿತೆ. ಈಗ ಯಾರು ಕಣ್ಣೀರು ಹಾಕಿದರೂ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ ಬುದ್ಧಿ. ನಾಳೆ ಏನು ಮಾಡಲಿ?"

ಗುರು ಅವನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು:

"ನಿನಗೆ ಇಸ್ಪೀಟು ಆಡಲು ಬರುತ್ತದೆಯೇ?"

"ಇಲ್ಲ ಬುದ್ಧಿ."

"ಬಂದರೂ ಇಲ್ಲ ಅಂತಲೇ ಹೇಳುತ್ತೀಯ. ಇರಲಿ, ಕೇಳು," ಎಂದು ಗುರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ನೇಕಾರರ ಓಣಿ ಇತ್ತು. ಒಂಬತ್ತು ಮನೆ, ಒಂಬತ್ತು ಮಗ್ಗ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಬರುವ, ಎಳೆಗಳನ್ನು ಓಣಿಯುದ್ದಕ್ಕೂ ಬಿಗಿದು, ಕುಂಚದಿಂದ ಗಂಜಿ ಸವರಬೇಕು. ಓಣಿ ಒಂದೇ. ಒಂದು ಹೊತ್ತಿಗೆ ಒಂದು ಮನೆಯ ಹಾಸು ಮಾತ್ರ ಹಿಡಿಸುತ್ತದೆ. ಮುಂಜಾನೆಯ ತಂಪಿನಲ್ಲಿ ಸವರಿದರೆ ಎಳೆ ಗಂಜಿಯನ್ನು ನಿಧಾನವಾಗಿ ಕುಡಿದು ಗಟ್ಟಿಯಾಗುತ್ತದೆ. ನಡುಮಧ್ಯಾಹ್ನ ಸವರಿದರೆ ಗಂಜಿ ಒಮ್ಮೆಲೇ ಒಣಗುತ್ತದೆ, ಎಳೆ ಕಡ್ಡಿಯಾಗುತ್ತದೆ, ಮುಟ್ಟಿದರೆ ತುಂಡಾಗುತ್ತದೆ. ಹೀಗಾಗಿ ಮುಂಜಾನೆಯ ಸರದಿ ಎಲ್ಲರಿಗೂ ಬೇಕಾಗಿತ್ತು.

ಅದಕ್ಕಾಗಿ ಹಿಂದೆ ಹೊಡೆದಾಟಗಳಾಗಿದ್ದವು. ಕೊನೆಗೆ ಓಣಿಯ ಹಿರಿಯರು ಒಂದು ಕಟ್ಟಳೆ ಮಾಡಿದರು. ಅಮಾವಾಸ್ಯೆಯ ದಿನ ಹೇಗೂ ಮಗ್ಗ ನಿಲ್ಲುತ್ತದೆ. ಗಂಡಸರು ಹೇಗೂ ಇಸ್ಪೀಟೆಲೆ ಹಿಡಿದು ಕೂರುತ್ತಾರೆ. ಯುಗಾದಿಯ ಮುಂಚಿನ ಅಮಾವಾಸ್ಯೆಗೆ ಮನೆಗೊಬ್ಬರಂತೆ ಚಾವಡಿಯಲ್ಲಿ ಕೂತು ಆಡಲಿ. ಒಬ್ಬೊಬ್ಬರಿಗೆ ನೂರು ಹುಣಸೆಬೀಜ. ಬೀಜ ತೀರಿದವನು ಏಳಬೇಕು. ಕೊನೆಗೆ ಉಳಿದವನಿಗೆ ವರ್ಷವಿಡೀ ಮುಂಜಾನೆಯ ಸರದಿ. ಮೊದಲು ಎದ್ದವನಿಗೆ ನಡುಮಧ್ಯಾಹ್ನ. ನಡುವಿನವರಿಗೆ ನಡುವಿನ ಹೊತ್ತುಗಳು. ಅಂದಿನಿಂದ ಹೊಡೆದಾಟ ನಿಂತಿತು, ಬೈದಾಟ ಮಾತ್ರ ನಿಲ್ಲಲಿಲ್ಲ.

ಆಟ ಮೂರೆಲೆಯದು. ಒಬ್ಬೊಬ್ಬನಿಗೆ ಮೂರು ಎಲೆ. ಜೋಡಿ ಬಂದರೆ ಒಳ್ಳೆಯದು, ಒಂದರ ಹಿಂದೊಂದು ಸಾಲಾಗಿ ಬಂದರೆ ಇನ್ನೂ ಒಳ್ಳೆಯದು. ಎಲ್ಲರೂ ಮೊದಲು ಒಂದೊಂದು ಬೀಜ ನಡುವೆ ಹಾಕುತ್ತಾರೆ. ತನ್ನ ಎಲೆ ಚೆನ್ನಾಗಿದೆ ಅನ್ನುವವನು, ಇಲ್ಲವೇ ಚೆನ್ನಾಗಿದೆಯೆಂದು ಬೇರೆಯವರನ್ನು ನಂಬಿಸಬೇಕು ಅನ್ನುವವನು, ಇನ್ನಷ್ಟು ಬೀಜ ಹಾಕುತ್ತಾನೆ. ಉಳಿದವರು ಅಷ್ಟೇ ಹಾಕಬೇಕು, ಇಲ್ಲವಾದರೆ ಎಲೆ ಮಗುಚಿ ಕೆಳಗಿಡಬೇಕು. ಎಲ್ಲರೂ ಕೆಳಗಿಟ್ಟರೆ ರಾಶಿ ಅವನದು. ಆಗ ಅವನು ತನ್ನ ಎಲೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ಇಷ್ಟು ಗೊತ್ತಿದ್ದರೆ ಸಾಕು, ಹೆಚ್ಚು ಗೊತ್ತಾದರೆ ನಿನಗೂ ಕೈ ತುರಿಸುತ್ತದೆ.

ಆ ಓಣಿಯಲ್ಲಿ ಒಬ್ಬ ನೇಕಾರನಿದ್ದ. ನಿಧಾನದ ಮನುಷ್ಯ. ಆಟದಲ್ಲೂ ಹಾಗೆಯೇ. ಎಲೆ ಸಾಧಾರಣವಾಗಿದ್ದರೆ ಕೆಳಗಿಡುತ್ತಿದ್ದ. ಎದುರಿನವನು ಜೋರಾಗಿ ಬೀಜ ಸುರಿದರೂ ಕೆಳಗಿಡುತ್ತಿದ್ದ. ಜನ ಅವನನ್ನು ಪುಕ್ಕಲ ಎಂದು ಛೇಡಿಸುತ್ತಿದ್ದರು, ಅವನು ನಕ್ಕು ಸುಮ್ಮನಾಗುತ್ತಿದ್ದ. ವರ್ಷ ವರ್ಷವೂ ಮೂರನೆಯವನಾಗಿಯೋ ನಾಲ್ಕನೆಯವನಾಗಿಯೋ ಉಳಿಯುತ್ತಿದ್ದ. ಎಳೆಬಿಸಿಲಿನ ಸರದಿ ಸಿಗುತ್ತಿತ್ತು. ಅವನ ಸೀರೆಗೆ ಅಷ್ಟು ಸಾಕಾಗುತ್ತಿತ್ತು.

ಒಂದು ವರ್ಷ ಯುಗಾದಿ ಕಳೆದ ಮೇಲೆ ಒಬ್ಬ ಜವಳಿ ಸಾಹುಕಾರ ಓಣಿಗೆ ಬಂದ. ನೇಕಾರನ ಕೈಕೆಲಸ ನೋಡಿ ಮೆಚ್ಚಿದ. ತನ್ನಲ್ಲಿ ತುಂಬ ನಯವಾದ ನೂಲಿದೆ, ಅದನ್ನು ನೇಯುವ ಕೈ ಹುಡುಕುತ್ತಿದ್ದೇನೆ ಎಂದ. ಆದರೆ ಆ ನೂಲು ಬಿಸಿಲು ತಾಳುವುದಿಲ್ಲ. ಮುಂದಿನ ವರ್ಷ ಮುಂಜಾನೆಯ ಸರದಿ ಗಳಿಸಿದರೆ ನೂಲು ನಿನಗೇ ಕೊಡುತ್ತೇನೆ ಎಂದು ಹೇಳಿ ಹೋದ. ನೇಕಾರನಿಗೆ ಅಂಥ ನೂಲನ್ನು ಒಮ್ಮೆಯಾದರೂ ನೇಯಬೇಕೆಂದು ಹುಡುಗಾಟದ ವಯಸ್ಸಿನಿಂದಲೂ ಆಸೆಯಿತ್ತು. ಹೆಂಡತಿಗೂ ಹೇಳಿದ. ಅವಳು ಅವತ್ತೇ ಹೊಸ ಕುಂಚ ಕಟ್ಟಲು ಕೂತಳು.

ಮೂರನೆಯವನಾಗಿದ್ದರೆ ಇನ್ನು ಸಾಲದು. ಆಟ ತಿದ್ದಿಕೊಳ್ಳಬೇಕೆಂದು ನೇಕಾರ ನಿರ್ಧರಿಸಿದ. ವರ್ಷದ ಉಳಿದ ಅಮಾವಾಸ್ಯೆಗಳಲ್ಲಿ ಆಡುವುದು ಹೊತ್ತು ಕಳೆಯಲು. ಸೋತವನು ಎಲ್ಲರಿಗೂ ಚಹಾ ತರಿಸಿದರೆ ಮುಗಿಯಿತು. ಕಲಿಯಲು ಇದಕ್ಕಿಂತ ಅಗ್ಗದ ಪಾಠಶಾಲೆ ಇಲ್ಲ ಎಂದುಕೊಂಡು ಅವನು ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ.

ಎದುರು ಮನೆಯಲ್ಲಿ ಒಬ್ಬ ಮುದುಕ ನೇಕಾರನಿದ್ದ. ನಗುಮುಖದವನು, ಮಾತು ಜಾಸ್ತಿ. ಒಂದು ಅಮಾವಾಸ್ಯೆ ಮುದುಕ ಹತ್ತು ಬೀಜ ಒಟ್ಟಿಗೆ ಹಾಕಿದ. ನೇಕಾರನ ಕೈಯಲ್ಲಿ ಎಂಟರ ಜೋಡಿಯಿತ್ತು. ಎಂದಿನಂತೆ ಕೆಳಗಿಟ್ಟ. ಮುದುಕ ರಾಶಿ ಎಳೆದುಕೊಂಡು, ತನ್ನ ಮೂರು ಎಲೆಗಳನ್ನು ಒಂದೊಂದಾಗಿ ಅವನ ಮುಂದೆ ತಿರುವಿಟ್ಟ. ಎರಡು, ಐದು, ಒಂಬತ್ತು. ಏನೂ ಇಲ್ಲದ ಎಲೆ.

"ನೋಡ್ಕೋ ತಮ್ಮಾ, ನನ್ನ ಹತ್ರ ಏನೂ ಇರಲಿಲ್ಲ. ನೀ ಸುಮ್ನ ಹೆದರಿ ಇಟ್ಟಿ," ಎಂದ ಮುದುಕ.

ಚಾವಡಿಯಲ್ಲಿ ನಗು ಎದ್ದಿತು. ನೇಕಾರ ಮಾತ್ರ ನಗಲಿಲ್ಲ. ಮನೆಗೆ ಬಂದು ಒಂದು ತುಂಡು ದಾರ ತೆಗೆದುಕೊಂಡು ಅದಕ್ಕೊಂದು ಗಂಟು ಹಾಕಿದ. ಕೆಳಗಿಡಬಾರದಿದ್ದಾಗ ಕೆಳಗಿಟ್ಟದ್ದಕ್ಕೆ ಗಂಟು. ತಪ್ಪು ಮರೆಯಬಾರದಲ್ಲ. ಆ ದಾರವನ್ನು ಮಗ್ಗದ ಕಂಬಕ್ಕೆ ಕಟ್ಟಿದ, ಲಾಳಿ ಎಸೆಯುವಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು.

ಮುಂದಿನ ಅಮಾವಾಸ್ಯೆಗಳಲ್ಲೂ ಹೀಗಾಯಿತು. ಮುದುಕ ಬೀಜ ಸುರಿಯುತ್ತಿದ್ದ, ನೇಕಾರ ಕೆಳಗಿಡುತ್ತಿದ್ದ. ಎಷ್ಟೋ ಸಲ ಮುದುಕ ಮಾತಿಲ್ಲದೆ ತನ್ನ ಎಲೆಗಳನ್ನು ಇಸ್ಪೀಟಿನ ಕಟ್ಟಿನೊಳಗೆ ಸೇರಿಸಿ ಕಲೆಸಿಬಿಡುತ್ತಿದ್ದ. ಒಮ್ಮೊಮ್ಮೆ ತಿರುವಿ ತೋರಿಸುತ್ತಿದ್ದ. ತೋರಿಸಿದಾಗಲೆಲ್ಲ ಅವನ ಬಳಿ ಏನೂ ಇರುತ್ತಿರಲಿಲ್ಲ. ಅವನು ಬೇಕೆಂದೇ ಹಾಗೆ ಮಾಡಿದನೋ, ಬರಿಗೈಯಲ್ಲಿ ಗೆದ್ದ ಖುಷಿ ತಡೆಯಲಾರದೆ ತೋರಿಸಿದನೋ, ನನಗೆ ಗೊತ್ತಿಲ್ಲ. ಎರಡು ಬಗೆಯ ಜನರನ್ನೂ ನಾನು ನೋಡಿದ್ದೇನೆ. ವರ್ಷ ಮುಗಿಯಲು ಎರಡು ಮೂರು ತಿಂಗಳಿರುವಾಗ ದಾರದಲ್ಲಿ ಏಳು ಗಂಟುಗಳಾದವು.

ನೇಕಾರ ಆ ಏಳು ಗಂಟುಗಳನ್ನು ನೋಡಿ ನೋಡಿ ಒಂದು ತೀರ್ಮಾನಕ್ಕೆ ಬಂದ. ತಾನು ನಿಧಾನದವನಲ್ಲ, ಜನ ಹೇಳುವಂತೆ ಪುಕ್ಕಲನೇ. ಮುದುಕ ಜೋರು ಮಾಡಿದರೆ ಅವನ ಕೈಯಲ್ಲಿ ಏನೂ ಇರುವುದಿಲ್ಲ. ಇನ್ನು ಕೆಳಗಿಡಬಾರದು. ಕೊನೆಯ ಎರಡು ಅಮಾವಾಸ್ಯೆ ಹಾಗೆಯೇ ಆಡಿದ. ಒಂದು ಸಲ ಮುದುಕ ಬರಿಗೈಯಲ್ಲಿ ಸಿಕ್ಕಿಬಿದ್ದ. ನೇಕಾರನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ನಾಲ್ಕು ಸಲ ತಾನೇ ಸೋತ, ಎರಡು ದಿನವೂ ಚಹಾ ತರಿಸಿದ. ಅವು ನಾಲ್ಕೂ ಅದೃಷ್ಟ ಕೈಕೊಟ್ಟದ್ದು ಎಂದುಕೊಂಡ.

ಯುಗಾದಿಯ ಮುಂಚಿನ ಅಮಾವಾಸ್ಯೆ ಬಂತು. ಊಟ ಮುಗಿಸಿ ಒಂಬತ್ತು ಮಂದಿ ಚಾವಡಿಯಲ್ಲಿ ಕೂತರು. ಹೆಂಗಸರು ಕಟ್ಟೆಯ ಆಚೆ ನಿಂತಿದ್ದರು. ಅವರಲ್ಲಿ ನೇಕಾರನ ಹೆಂಡತಿಯೂ ಇದ್ದಳು.

ಐದಾರು ಆಟ ಸಾಧಾರಣವಾಗಿ ಹೋದವು. ಆಮೇಲೆ ನೇಕಾರನಿಗೆ ಹತ್ತರ ಜೋಡಿ ಬಂತು. ಮುದುಕ ಹದಿನೈದು ಬೀಜ ಹಾಕಿದ. ಉಳಿದ ಏಳು ಮಂದಿ ಎಲೆ ಕೆಳಗಿಟ್ಟರು. ನೇಕಾರ ಹದಿನೈದು ಹಾಕಿದ. ಮುದುಕ ಮತ್ತೆ ಮೂವತ್ತು ಹಾಕಿದ. ಅಷ್ಟು ಬೀಜವನ್ನು ಅಷ್ಟು ಬೇಗ ಆ ಚಾವಡಿಯಲ್ಲಿ ಯಾರೂ ಹಾಕಿರಲಿಲ್ಲ. ನೇಕಾರನ ಕೈ ಎಲೆಗಳನ್ನು ಮಗುಚಲು ತಾನಾಗಿಯೇ ಹೊರಟಿತ್ತು. ಇಪ್ಪತ್ತು ವರ್ಷದ ರೂಢಿ. ಕೆಳಗಿಟ್ಟಿದ್ದರೆ ಅವನಲ್ಲಿ ಇನ್ನೂ ಎಂಬತ್ತು ಬೀಜ ಉಳಿಯುತ್ತಿದ್ದವು, ಎಳೆಬಿಸಿಲಿನ ಸರದಿಯಾದರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೆ ಅವನಿಗೆ ಏಳು ಗಂಟುಗಳ ನೆನಪಾಯಿತು. ತನ್ನ ಕೈಯನ್ನು ತಾನೇ ತಡೆದ. ಉಳಿದಿದ್ದ ಬೀಜಗಳನ್ನೆಲ್ಲ ನಡುವೆ ದಬ್ಬಿದ. ಮುದುಕನೂ ಅದಕ್ಕೆ ಸರಿಯಾಗುವಷ್ಟು ಬೀಜ ಎಣಿಸಿ ಹಾಕಿ, ಎಲೆ ತಿರುವಿದ.

ಏಳು, ಎಂಟು, ಒಂಬತ್ತು. ಸಾಲು.

ನೇಕಾರ ಎದ್ದ. ಆ ವರ್ಷ ಎಲ್ಲರಿಗಿಂತ ಮೊದಲು ಎದ್ದವನು ಅವನೇ. ಹೆಂಡತಿ ಮನೆಗೆ ಹೋಗಿ ಹೊಸ ಕುಂಚವನ್ನು ಅಟ್ಟದ ಮೇಲೆ ಎತ್ತಿಟ್ಟಳು.

ಸಾಹುಕಾರ ಮಾತು ತಪ್ಪಿದವನಲ್ಲ. ಮುಂಜಾನೆಯ ಸರದಿ ಗೆದ್ದ ಮನೆಗೆ ನಯದ ನೂಲು ಕೊಟ್ಟು ಹೋದ. ಅದು ಮುದುಕನ ಮನೆಯೂ ಆಗಿರಲಿಲ್ಲ, ಮುದುಕ ಕೊನೆಗೆ ಎರಡನೆಯವನಾಗಿದ್ದ. ನೇಕಾರ ತನ್ನ ಒರಟು ನೂಲನ್ನೇ ನಡುಮಧ್ಯಾಹ್ನದ ಬಿಸಿಲಿನಲ್ಲಿ ಓಣಿಯುದ್ದಕ್ಕೂ ಬಿಗಿದ. ಹೆಂಡತಿ ಗಂಜಿ ಸವರುತ್ತಾ ಹೋದಂತೆ ಹಿಂದಿನಿಂದ ಎಳೆಗಳು ತುಂಡಾಗುತ್ತಿದ್ದವು. ಅವನ ತಾಯಿ ತಲೆಯ ಮೇಲೆ ಸೆರಗು ಹೊದ್ದು, ಒಂದೊಂದೇ ತುದಿ ಹುಡುಕಿ ಗಂಟು ಹಾಕುತ್ತಿದ್ದಳು. ಅವಳಿಗೆ ಕಣ್ಣು ಮಂದವಾಗಿತ್ತು. ಒಂದು ತುದಿ ಸಿಗಲು ಮೂರು ಸಲ ತಡವಬೇಕಿತ್ತು. ಇದು ಇನ್ನು ಒಂದು ವರ್ಷ.

ಅದನ್ನು ನೋಡಲಾರದೆ ನೇಕಾರ ಎದುರು ಮನೆಗೆ ಹೋದ. ಮುದುಕ ಹೊಸ್ತಿಲಲ್ಲಿ ಕೂತು ಕಂಡಿಗೆಗೆ ನೂಲು ಸುತ್ತುತ್ತಿದ್ದ.

"ಕಾಕಾ, ಎಲಿ ತೋರಿಸಿ ತೋರಿಸಿ ನನ್ನ ಆಟ ಕೆಡಿಸಿದ್ರಿ ನೀವು," ಎಂದ ನೇಕಾರ.

ಮುದುಕ ಸುತ್ತುವುದನ್ನು ನಿಲ್ಲಿಸಿದ. "ನಾ ತೋರಿಸಿದ್ದು ಏಳು ಸಲ ಅಂತ ನೀನ ಎಲ್ಲಾರ ಮುಂದ ಹೇಳ್ಕೋತ ಬಂದಿ. ಬರೋಬರಿ ಐತಿ. ಈ ವರ್ಷದಾಗ ನೀ ನನಗ ಎಲಿ ಕೆಳಗಿಟ್ಟಿದ್ದು ಒಟ್ಟು ಎಷ್ಟು ಸಲ? ಅದನ್ನೂ ಹೇಳು ನೋಡೂಣು."

ನೇಕಾರ ಮನಸ್ಸಿನಲ್ಲೇ ಎಣಿಸಲು ಹೊರಟ. ಐವತ್ತೋ, ಅರವತ್ತೋ. ಇನ್ನೂ ಹೆಚ್ಚೋ. ಅವನಿಗೆ ಗೊತ್ತಿರಲಿಲ್ಲ. ಸರಿಯಾಗಿ ಕೆಳಗಿಟ್ಟದ್ದಕ್ಕೆ ಅವನು ಎಂದೂ ಗಂಟು ಹಾಕಿರಲಿಲ್ಲ. ಹಾಕಲು ಅವು ಅವನಿಗೆ ಕಂಡೂ ಇರಲಿಲ್ಲ, ಆಗೆಲ್ಲ ಮುದುಕನ ಎಲೆಗಳು ಯಾರಿಗೂ ಕಾಣದೆ ಕಟ್ಟಿನೊಳಗೆ ಸೇರಿಹೋಗಿದ್ದವು. ಅವನು ಬಂದ ದಾರಿಯಲ್ಲೇ ಮರಳಿ ಹೋಗಿ, ತಾಯಿಯ ಪಕ್ಕದಲ್ಲಿ ಕೂತು ತುಂಡಾದ ಎಳೆಗಳಿಗೆ ಗಂಟು ಹಾಕತೊಡಗಿದ.

ಗುರು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ನೇಕಾರನ ಮೇಲೆ ಕನಿಕರ ಉಕ್ಕಿತು, ಮುದುಕನ ಮೇಲೆ ಸಿಟ್ಟೂ ಬಂತು.

"ಮುದುಕ ಮೋಸಗಾರ ಬುದ್ಧಿ," ಎಂದ. "ಆದರೆ ಈ ಕತೆ ನನಗೆ ಹೊಂದುವುದಿಲ್ಲ. ನನ್ನ ಬಳಿ ಮರಳಿ ಬಂದವರು ಯಾರೂ ಮೋಸ ಮಾಡಿಲ್ಲ. ಒಬ್ಬೊಬ್ಬರ ಮಾತನ್ನೂ ನಾನು ಊರಿಗೆ ಹೋಗಿ ವಿಚಾರಿಸಿದ್ದೇನೆ. ಅವರು ನನಗೆ ತೋರಿಸಿದ್ದೆಲ್ಲ ನಿಜವಾಗಿತ್ತು."

ಗುರು ಎದ್ದು ನಿಂತು ಹೇಳಿದರು: "ಮುದುಕ ತೋರಿಸಿದ ಎಲೆಗಳೂ ನಿಜವಾಗಿದ್ದವು, ಮರುಳಯ್ಯ."