ತಿರುಗಿಸಿ ತಿಳ್ಕೊಂಡ ಮುನಿರಾಜ

ಕತೆ ಹೇಳ್ತೀನಿ, ಕೂತ್ಕೊಳ್ಳಿ. ಮಧ್ಯದಲ್ಲಿ ಎದ್ದು ಹೋಗೋರು ಈಗಲೇ ಹೋಗಿಬಿಡಿ. ನಗು ಬಂದ್ರೆ ನಗಿ, ಬೇಡ ಅನ್ನಲ್ಲ. ಆದ್ರೆ ನಕ್ಕ ಮೇಲೆ ಸ್ವಲ್ಪ ಯೋಚನೇನೂ ಮಾಡಿ.

ಒಂದೂರಲ್ಲಿ ಲಕ್ಕಮ್ಮ ಅಂತ ಇದ್ಲು. ಕೆಲಸದ ಪರೀಕ್ಷೆಗಳಿಗೆ ಪಾಠ ಹೇಳೋ ಕೋಚಿಂಗ್ ಸೆಂಟರ್ ಮುಂದೆ ತಳ್ಳೋ ಗಾಡೀಲಿ ಚಿತ್ರಾನ್ನ, ಕಾಫಿ ಮಾರೋಳು. ಅವಳಿಗೊಬ್ಬ ಮಗ, ಮುನಿರಾಜ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಎಲ್ಲೋ ನಿಂತುಬಿಟ್ಟಿತ್ತು. "ಗಾಡಿ ನೋಡ್ಕೋ" ಅಂದ್ರೆ ಗಾಡೀನೇ ನೋಡ್ತಾ ಕೂರೋನು. ನಾಯಿ ಬಂದು ಅನ್ನಕ್ಕೆ ಬಾಯಿ ಹಾಕಿದ್ರೂ ನೋಡ್ತಾನೇ ಇರೋನು!

"ನಾನಿರೋ ತನಕ ಸರಿ ಕಣೋ. ಆಮೇಲೆ ನಿನ್ನ ಗತಿ ಏನೋ?" ಅಂತ ಲಕ್ಕಮ್ಮ ಹಣೆ ಚಚ್ಕೊಳ್ಳೋಳು. ಯಾವುದಾದ್ರೂ ಆಫೀಸಲ್ಲಿ ಜವಾನನ ಕೆಲಸ ಸಿಕ್ಕಿಬಿಟ್ರೆ ಹೇಗೋ ಬದುಕ್ಕೋತಾನೆ ಅಂತ ಅವಳಾಸೆ. ದಿನಾ ಕಾಫಿಗೆ ಬರ್ತಿದ್ದ ಶೇಷಾದ್ರಿ ಮೇಷ್ಟ್ರನ್ನ ಬೇಡ್ಕೊಂಡು ಮಗನನ್ನ ಪಾಠಕ್ಕೆ ಸೇರಿಸಿದ್ಲು.

"ಮೇಷ್ಟ್ರು ಹೇಳಿದ್ದನ್ನ ಹಾಗೇ ಮಾಡು!"

"ಹೂಂ ಕಣಮ್ಮ!"

ಅವತ್ತು ಸಂಕೇತ ಭಾಷೆ ಪಾಠ. ಮೇಷ್ಟ್ರು ಕೇಳಿದ್ರು: "ಉಪ್ಪನ್ನು ಸಕ್ಕರೆ ಅಂತ, ಸಕ್ಕರೆಯನ್ನು ಮೆಣಸು ಅಂತ ಕರೆದರೆ, ಕಾಫಿಗೆ ಏನು ಹಾಕ್ತಾರೆ?"

"ಮೆಣಸು ಸಾರ್!" ಅಂದ ಮುನಿರಾಜ.

"ಭೇಷ್!"

ಮಾರನೇ ದಿನ ಮೇಷ್ಟ್ರ ಕಾಫಿಗೆ ಮೆಣಸಿನ ಪುಡಿ ಬಿತ್ತು. ಕೆಮ್ಮಿ ಕೆಮ್ಮಿ ಮೇಷ್ಟ್ರ ಕಣ್ಣಲ್ಲಿ ನೀರು.

"ಏನೋ ಹಾಕಿದೆ ಇದಕ್ಕೆ?"

"ನೀವೇ ಭೇಷ್ ಅಂದ್ರಲ್ಲ ಸಾರ್!"

ಲಕ್ಕಮ್ಮ ಸೌಟು ಎತ್ಕೊಂಡು ಬಂದ್ಲು. "ಅದು ಪರೀಕ್ಷೆ ಮಾತು ಕಣೋ ಮುಂಡೇದೇ! ಮನೇಲಿ ಆಡೋ ಮಾತನ್ನ ಹೇಗಿದೆಯೋ ಹಾಗೇ ತಗೋ!"

"ಹೂಂ ಕಣಮ್ಮ!"

ಇನ್ನೊಂದು ದಿನ ಲಕ್ಕಮ್ಮ ಅಕ್ಕಿ ಡಬ್ಬ ಇಣುಕಿ ನೋಡಿ, "ಅಕ್ಕಿ ತುಂಬಿದೆ, ನೋಡೋ" ಅಂತ ಹೇಳಿ ನೀರಿಗೆ ಹೋದ್ಲು. ವಾಪಸ್ ಬಂದ್ರೆ ಮಗ ಡಬ್ಬದ ಮುಂದೆ ಕೂತಿದ್ದಾನೆ.

"ಅಂಗಡಿಗೆ ಹೋಗ್ಲಿಲ್ವೇನೋ?"

"ತುಂಬಿದೆ ಅಂದ್ಯಲ್ಲ! ತಂದು ಎಲ್ಲಿ ಸುರೀಲಿ?"

ಅವತ್ತು ಗಾಡಿ ಹೊರಡಲಿಲ್ಲ.

"ಅಯ್ಯೋ, ಮುಗೀತು ಅನ್ನಬಾರದು ಅಂತ ತುಂಬಿದೆ ಅಂತೀವಿ ಕಣೋ! ದೀಪ ಆರಿಸು ಅನ್ನಲ್ಲ, ದೊಡ್ಡದು ಮಾಡು ಅಂತೀವಿ. ಹೊರಡೋವಾಗ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತೀವಿ. ಕೇಳಿದ್ದನ್ನ ತಿರುಗಿಸಿ ತಿಳ್ಕೋಬೇಕು!"

ಮುನಿರಾಜನ ಕಣ್ಣು ಅರಳಿತು. "ಹಾಗಾದ್ರೆ ಇದೂ ಸಂಕೇತ ಭಾಷೆ! ಮೊದಲೇ ಹೇಳ್ಬಾರ್ದೇನಮ್ಮ?"

ಈಗ ನೀವೇ ಹೇಳಿ, ಅವನು ಕೇಳಿದ್ರಲ್ಲಿ ತಪ್ಪೇನಿದೆ? ನಾವೆಲ್ಲ ಹುಟ್ಟಿದಾಗಿಂದ ಇದೇ ಸಂಕೇತದಲ್ಲಿ ಮಾತಾಡ್ಕೊಂಡು ಬಂದಿದೀವಿ. ಯಾವ ಮೇಷ್ಟ್ರೂ ಹೇಳ್ಕೊಡಲಿಲ್ಲ, ಹೇಗೋ ತಿಳೀತು. ಅವನಿಗೆ ತಿಳೀಲಿಲ್ಲ, ಅಷ್ಟೇ. ನಂಗಂತೂ ಪಾಪ ಅನ್ಸುತ್ತೆ.

ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆಯ ಮೇಲ್ಗಡೆ ದಪ್ಪಕ್ಷರದಲ್ಲಿ ಬರೆದಿತ್ತು: "ತಪ್ಪು ಉತ್ತರಕ್ಕೆ ಅಂಕ ಕಳೆಯಲಾಗುವುದು." ಮುನಿರಾಜ ತಿರುಗಿಸಿ ತಿಳ್ಕೊಂಡ. ಕಳೆಯೋದು ಅಂದ್ರೆ ಕೂಡೋದು! ಹುಡುಕಿ ಹುಡುಕಿ ತಪ್ಪಿಗೇ ಗುರುತು ಹಾಕಿ ಬಂದ. ಬಂದ ಅಂಕ ಸೊನ್ನೆಗಿಂತ ಕೆಳಗೆ!

"ಪ್ರಶ್ನೆಪತ್ರಿಕೆ ಇದ್ದದ್ದನ್ನ ಇದ್ದ ಹಾಗೆ ಹೇಳುತ್ತೆ ಕಣಯ್ಯಾ!" ಅಂತ ಮೇಷ್ಟ್ರು ಕೂಗಾಡಿದ್ರು. "ತಿರುಗಿಸಿ ಹೇಳೋಳು ನಿಮ್ಮಮ್ಮ! ಅಮ್ಮ ಹೇಳಿದ್ದನ್ನ ಮಾತ್ರ ತಿರುಗಿಸ್ಕೋ!"

"ಹೂಂ ಸಾರ್!"

ಸುದ್ದಿ ಕೇಳಿ ಲಕ್ಕಮ್ಮನ ಎದೆ ಒಡೆದುಹೋಯ್ತು. ಜ್ವರ ಬಂದು ಮಲಗಿಬಿಟ್ಲು. ಬೆಳಿಗ್ಗೆ ಮಗನ ಕೈ ಹಿಡ್ಕೊಂಡು, ಯಾವತ್ತೂ ಆಡದ ಮಾತನ್ನ ಆಡಿಬಿಟ್ಲು. "ನನ್ನ ಕೈಲಿ ಇನ್ನಾಗಲ್ಲ ಕಣೋ. ನಾನು ಹೋಗ್ತೀನಿ. ಇನ್ಮೇಲೆ ಗಾಡಿ ಹತ್ರ ಬರಲ್ಲ."

ಮುನಿರಾಜ ಕುಣಿದಾಡಿದ! ಹೋಗ್ತೀನಿ ಅಂದ್ರೆ ಬರ್ತೀನಿ! ಬರಲ್ಲ ಅಂದ್ರೆ ಬಂದೇ ಬರ್ತೀನಿ! ಅಮ್ಮ ಬರೋದರೊಳಗೆ ಎಲ್ಲ ತಯಾರಾಗಿರ್ಬೇಕಲ್ಲ? ಗಾಡಿ ತಳ್ಕೊಂಡು ಓಡಿದ. ಅನ್ನ ಮಾಡಿದ, ಒಗ್ಗರಣೆ ಹಾಕಿದ, ನಿಂಬೆಹಣ್ಣು ಹಿಂಡಿದ. ಅಷ್ಟು ವರ್ಷ ಗಾಡೀನೇ ನೋಡ್ತಾ ಕೂತಿದ್ದನಲ್ಲ, ಕೈಗೆ ತಾನಾಗೇ ಬಂತು. ಬಂದೋರಿಗೆಲ್ಲ ಕೊಟ್ಟ. ಒಂದು ತಟ್ಟೆ ಮಾತ್ರ ಅಮ್ಮನಿಗೆ ಅಂತ ಮುಚ್ಚಿಟ್ಟ.

"ಅಮ್ಮ ಎಲ್ಲೋ?" ಅಂದ್ರು ಮೇಷ್ಟ್ರು.

"ಹೋಗ್ತೀನಿ ಅಂದ್ಲು ಸಾರ್!" ಅಂದ, ಹಲ್ಲು ಬಿಟ್ಕೊಂಡು.

ಲಕ್ಕಮ್ಮ ಹೋಗೇಬಿಟ್ಲು ಅಂದ್ಕೊಂಡ್ರು ಮೇಷ್ಟ್ರು. ಹೂವಿನ ಹಾರ ತಗೊಂಡು, ಅಕ್ಕಪಕ್ಕದೋರನ್ನ ಕರ್ಕೊಂಡು ಲಕ್ಕಮ್ಮನ ಮನೆಗೆ ಓಡಿದ್ರು. ಬಾಗಿಲಲ್ಲಿ ಅಳು ಕೇಳಿ ಲಕ್ಕಮ್ಮ ಎದ್ದು ಕೂತ್ಲು.

"ಯಾರು ಹೋದ್ರು?"

ಮೇಷ್ಟ್ರು ಹಾರ ಬೆನ್ನ ಹಿಂದೆ ಬಚ್ಚಿಟ್ಕೊಂಡ್ರು. ಅವರ ಹಿಂದೆ ತಟ್ಟೆ ಹಿಡ್ಕೊಂಡು ಮುನಿರಾಜ ಬಂದ.

"ಎಷ್ಟು ಹೊತ್ತಮ್ಮ ಕಾಯೋದು? ಹೋಗ್ತೀನಿ ಅಂದೆ, ಬರ್ಲೇ ಇಲ್ಲ!"

ಲಕ್ಕಮ್ಮನಿಗೆ ಅರ್ಥ ಆಯ್ತು. ಒಂದು ತುತ್ತು ಬಾಯಿಗಿಟ್ಲು. ಇನ್ನೊಂದು ತುತ್ತು ತಿಂದ್ಲು.

"ನೀನೇ ಮಾಡಿದ್ಯಾ? ಒಬ್ಬನೇ?"

"ಹೂಂ ಕಣಮ್ಮ. ಹೇಗಿದೆ?"

ಇಷ್ಟು ದಿನ ತಾನು ಹೆದರಿದ್ದೆಲ್ಲ ನೆನಪಾಗಿ ಅವಳಿಗೆ ಅಳು ಬಂತು, ನಗೂನೂ ಬಂತು. ಚೆನ್ನಾಗಿದೆ ಅನ್ನೋಕೆ ಹೋದೋಳು ಮಗನ ಮುಖ ನೋಡಿ ತಡ್ಕೊಂಡ್ಲು.

"ಒಂದು ಚೂರೂ ಚೆನ್ನಾಗಿಲ್ಲ ಕಣೋ ಮಗನೇ. ಒಂದು ಚೂರೂ ಚೆನ್ನಾಗಿಲ್ಲ."

ಮುನಿರಾಜನ ಮುಖ ಊರಗಲ ಆಯ್ತು.

ಜ್ವರ ಬಿಟ್ಟ ಮೇಲೆ ಲಕ್ಕಮ್ಮ ಗಾಡಿ ಹತ್ರ ಬಂದ್ಲು. ಗಾಡಿಯ ಮುಂದೆ ಮುನಿರಾಜ ಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದ: "ಲಕ್ಕಮ್ಮನ ಚಿತ್ರಾನ್ನ. ಒಂದು ಚೂರೂ ಚೆನ್ನಾಗಿಲ್ಲ."

ಒರೆಸಿಬಿಡೋಣ ಅಂತ ಬಟ್ಟೆ ಎತ್ಕೊಂಡ್ಲು. ಅದನ್ನ ಓದಿ, ನಕ್ಕು, ತಟ್ಟೆಗೆ ಕೈ ಚಾಚ್ಕೊಂಡು ನಿಂತಿದ್ದ ಜನಾನ ನೋಡಿದ್ಲು. ಆಮೇಲೆ ಅದೇ ಬಟ್ಟೇಲಿ ತಟ್ಟೆ ಒರೆಸಿ ಮಗನ ಕೈಗೆ ಕೊಟ್ಲು.