ದಾದಾಯಿಸ್ಟ್ ಎಂದು ನಕ್ಕವನು

ಕಾವೇರಿ ದಂಡೆಯ ಮೇಲೆ ಮರುಳಯ್ಯ ಗುರುಗಳ ಚಿತ್ರಶಾಲೆ. ಅಲ್ಲಿನ ಹಿರಿಯ ಶಿಷ್ಯ ನಂಜರಾಜ. ಕೈ ಚೆನ್ನಾಗಿ ಪಳಗಿತ್ತು, ಬಾಯಿ ಮಾತ್ರ ಪಳಗಿರಲಿಲ್ಲ.

ಎಲ್ಲಿಂದಲೋ ಒಂದು ಪದ ಹಿಡಿದು ತಂದಿದ್ದ ಪುಣ್ಯಾತ್ಮ: ದಾದಾಯಿಸ್ಟ್. ರೊಟ್ಟಿ ಸೊಟ್ಟಗಾದರೆ ದಾದಾಯಿಸ್ಟ್. ಚಿಲಕವನ್ನು ತಲೆಕೆಳಗಾಗಿ ಹೊಡೆದ ಬಡಗಿ ದಾದಾಯಿಸ್ಟ್. ಮಳೆ ಸುರಿಯುವಾಗ ಗಿಡಕ್ಕೆ ನೀರು ಹಾಕಿದ ಅಡುಗೆಯವರೂ ದಾದಾಯಿಸ್ಟೇ. ಕೇಳಿ ಕೇಳಿ ಎಲ್ಲರಿಗೂ ಸಾಕುಸಾಕಾಗಿತ್ತು.

ಶಾಲೆಯಲ್ಲೊಂದು ಪದ್ಧತಿ ಇತ್ತು. ಹೊಸಬರು ಬಂದು ತಿಂಗಳು ತುಂಬಿದ ದಿನ ತಾವು ಮಾಡಿದ್ದೊಂದನ್ನು ಹೊಳೆಯ ಮೆಟ್ಟಿಲ ಮೇಲಿಡಬೇಕು. ಹಿರಿಯ ಶಿಷ್ಯ ನೋಡಬೇಕು. ಅವನು 'ಇರಲಿ' ಎಂದರೆ ಇರಬಹುದು. ಇಲ್ಲವಾದರೆ ಅವತ್ತೇ ತೆಪ್ಪ ಹತ್ತಬೇಕು. ಗುರುಗಳು ಕೂಡ ಆ ಮಾತನ್ನು ಮೀರುತ್ತಿರಲಿಲ್ಲ.

ಅಂದು ದೇವೀರಮ್ಮನ ಸರದಿ. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಊರಲ್ಲಿ ತನ್ನವರು ಅಂತ ಯಾರೂ ಉಳಿದಿರಲಿಲ್ಲ. ಎಡಗೈ ಮುಷ್ಟಿ ಬಿಗಿಹಿಡಿದು ನಿಂತಿದ್ದಳು.

ಅವಳು ಇಟ್ಟದ್ದು ಒಂದು ಹಲಗೆ. ಟೈಪು ಮಾಡಿದ ಯಾವುದೋ ಕಾಗದವನ್ನು ಚೂರುಚೂರು ಮಾಡಿ ಅದರ ಮೇಲೆ ಅಂಟಿಸಿದ್ದಳು.

ನಂಜರಾಜ ಬಗ್ಗಿ ಗಟ್ಟಿಯಾಗಿ ಓದಿದ.

"ಶ್ರೀ ಹೆಲ್ಮೆಟ್ಟುಗಳು ಮೃತಪಟ್ಟಿರುತ್ತಾರೆ. ತಮ್ಮ ಸಹೋದರರು ಮುಂದಿನ ತಿಂಗಳು ಸರಬರಾಜಾಗಲಿವೆ. ಸುರಂಗದ ಕೆಲಸದಲ್ಲಿ ತಮ್ಮ ವಿಶ್ವಾಸಿ ಕಂಡುಬಂದಿರುವುದಿಲ್ಲ..."

ಮುಂದೆ ಓದಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಗುರುಗಳೇ, ಇದು ಅಪ್ಪಟ ದಾದಾಯಿಸ್ಟ್!"

ಕೆಳಗಿನಿಂದ ತೆಪ್ಪದವನು ಕೂಗಿದ. "ಬರೋರು ಇದಾರಾ ಬುದ್ಧೀ?"

"ತಾಳಪ್ಪ" ಎಂದರು ಗುರುಗಳು. ಆಮೇಲೆ ಶಿಷ್ಯನ ಕಡೆ ತಿರುಗಿದರು. "ಹಾಗಂದರೇನು?"

"ತಲೆಬುಡ ಇಲ್ಲದ್ದು ಅಂತ."

"ಯಾರದು ಆ ಹೆಸರು?"

ನಂಜರಾಜ ಪಾಠ ಒಪ್ಪಿಸುವವನ ಹಾಗೆ ಹೇಳಿದ. "ನೂರು ವರ್ಷದ ಹಿಂದೆ ಯುರೋಪಿನಲ್ಲಿ ಕೆಲವು ಕಲಾವಿದರು ಇಟ್ಟುಕೊಂಡದ್ದು. ಮಹಾಯುದ್ಧ ನಡೀತಿತ್ತು. ಜನ ಲಕ್ಷಗಟ್ಟಲೆ ಸಾಯ್ತಿದ್ದರು. ದೊಡ್ಡವರು ಅದಕ್ಕೆಲ್ಲ ಒಪ್ಪವಾದ ಕಾರಣ ಕೊಡ್ತಿದ್ದರು. ಇವರು ರೋಸಿಹೋಗಿ, ನಿಮ್ಮ ಅರ್ಥ ನಿಮಗೇ ಇರಲಿ ಅಂತ, ಅರ್ಥವಿಲ್ಲದ್ದನ್ನೇ ಮಾಡಿ ತೋರಿಸಿದರು. ಕಾಗದ ಕತ್ತರಿಸಿ, ಸಿಕ್ಕ ಚೂರು ಸಿಕ್ಕ ಹಾಗೆ ಓದಿದರು. ಈಗ ವಿಚಿತ್ರವಾಗಿ ಕಂಡದ್ದಕ್ಕೆಲ್ಲ ಹಾಗಂತಾರೆ."

"ಇಷ್ಟೂ ಗೊತ್ತಿದ್ದು ರೊಟ್ಟಿಗೆ ಬಳಸ್ತೀಯ."

ಗುರುಗಳ ದನಿ ಏರಲಿಲ್ಲ. ಅದಕ್ಕೇ ನಂಜರಾಜನಿಗೆ ಹೆದರಿಕೆಯಾಯಿತು.

ಗುರುಗಳು ಹಲಗೆ ಎತ್ತಿಕೊಂಡರು. "ಈ ಚೂರುಗಳನ್ನ ಬಿಡಿಸಲಾ ತಾಯಿ?"

ದೇವೀರಮ್ಮ ಹೂಂ ಎಂದಳು.

ಹಲಗೆಯನ್ನು ನೀರಿಗೆ ಅದ್ದಿದರು. ಮೈದಾ ಅಂಟು ಬಿಟ್ಟುಕೊಂಡಿತು. ಒದ್ದೆ ಚೂರುಗಳನ್ನು ಶಿಷ್ಯನ ಅಂಗೈಗೆ ಹಾಕಿದರು.

"ಹರಿಯೋಕೆ ಮುಂಚೆ ಹೇಗಿತ್ತೋ ಹಾಗೆ ಜೋಡಿಸು."

ನಂಜರಾಜ ಮೆಟ್ಟಿಲ ಮೇಲೆ ಕೂತ. ಮೊದಮೊದಲು ಆಟ ಅನಿಸಿತು. ನಾಲ್ಕು ಚೂರು ಕೂಡಿದ ಮೇಲೆ ಕೈ ನಿಧಾನವಾಯಿತು.

"ಒಂದು ಚೂರು ಕಡಿಮೆ ಇದೆ" ಎಂದ, ತಲೆ ಎತ್ತದೆ.

ದೇವೀರಮ್ಮ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತಳು. ಮುಷ್ಟಿ ಬಿಚ್ಚಿದಳು.

"ಇದೊಂದನ್ನ ಅಂಟಿಸೋಕೆ ಮನಸ್ಸು ಬರಲಿಲ್ಲ ಕಣಪ್ಪ."

ಬೆವರಿಗೆ ಮೆತ್ತಗಾಗಿದ್ದ ಆ ಚೂರನ್ನು 'ಶ್ರೀ' ಎಂಬುದರ ಪಕ್ಕಕ್ಕೆ ಇಟ್ಟು ಬೆರಳಿನಿಂದ ಒತ್ತಿದಳು.

"ಗಟ್ಟಿಯಾಗಿ ಓದು" ಎಂದರು ಗುರುಗಳು. "ಆಗ ಓದಿದೆಯಲ್ಲ, ಅಷ್ಟೇ ಗಟ್ಟಿಯಾಗಿ."

ನಂಜರಾಜ ಓದಿದ.

"ತಮ್ಮ ಸಹೋದರರು ಶ್ರೀ ಚಿಕ್ಕತಾಯಪ್ಪ ಸುರಂಗದ ಕೆಲಸದಲ್ಲಿ ಮೃತಪಟ್ಟಿರುತ್ತಾರೆ. ನಿಯಮದಂತೆ ಹೆಲ್ಮೆಟ್ ಧರಿಸದಿದ್ದುದೇ ಕಾರಣ. ಹೆಲ್ಮೆಟ್ಟುಗಳು ಮುಂದಿನ ತಿಂಗಳು ಸರಬರಾಜಾಗಲಿವೆ. ಯಾರ ತಪ್ಪೂ ಕಂಡುಬಂದಿರುವುದಿಲ್ಲ. ತಮ್ಮ ವಿಶ್ವಾಸಿ."

ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಈ ಬಾಯಿಂದಲೇ ನಕ್ಕೆನಲ್ಲ ಎಂದು ತನ್ನ ಮೇಲೇ ಹೇಸಿಗೆ ಬಂತು.

"ಬರೋರು ಇದಾರೋ ಇಲ್ವೋ?" ತೆಪ್ಪದವನು ರೇಗಿದ.

"ಯಾರೂ ಇಲ್ಲ! ನೀನು ಹೋಗಯ್ಯಾ!" ನಂಜರಾಜ ಅರಚಿದ. ದೇವೀರಮ್ಮನ ಮುಖ ನೋಡಲಾಗದೆ ಅವಳ ಪಾದ ನೋಡಿಕೊಂಡು, "ಇರಲಿ" ಎಂದ. "ಇರಿ ಅಮ್ಮ."

ತೆಪ್ಪ ದೂರವಾಯಿತು. ಗುರುಗಳು ಶಿಷ್ಯನ ಎದುರು ಬಂದು ಕೂತರು.

"ಚೆನ್ನಾಗಿ ಓದಿದೆ, ಒಂದಕ್ಷರವೂ ತಪ್ಪಲಿಲ್ಲ. ಈಗ ಈ ಕಾಗದಕ್ಕೆ ತಲೆಯೂ ಇದೆ, ಬುಡವೂ ಇದೆ. ನಗು ನೋಡೋಣ."